ಬಾವಿಗೆ ಹೊಯ್ದ ನೀರು

ನಮ್ಮ ಕಡೆ ಗಂಡಿನ ಮನೆ ನೋಡಲು ಬರುವವರು ಹೆಚ್ಚಾಗಿ ಬರುವುದು ಮೇ ತಿಂಗಳಲ್ಲಿ. ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ಗಂಡುಮಕ್ಕಳು ರಜೆ ಹಾಕಿ ಊರಿಗೆ ಬರುವುದು ಆಗ. ಗದ್ದೆಯಲ್ಲಿ ಕೆಲಸವಿರುವುದಿಲ್ಲ, ಮಕ್ಕಳಿಗೆ ಶಾಲೆ ಇರುವುದಿಲ್ಲ, ಉಟ್ಟ ರೇಷ್ಮೆ ಸೀರೆ ಒದ್ದೆಯಾಗುವ ಹೆದರಿಕೆಯೂ ಇಲ್ಲ. ನಮ್ಮೂರು ತ್ರಾಸಿಯ ಕಡಲ ಬದಿಯ ಬಾವಿಗಳು ಉಪ್ಪಾಗುವುದೂ ಅದೇ ತಿಂಗಳಲ್ಲಿ. ಎರಡೂ ಒಟ್ಟಿಗೇ ಬರುತ್ತವೆ ಎನ್ನುವುದು ನನಗೆ ಹೊಳೆದದ್ದು ಮೈದುನನ ಮದುವೆ ಮಾತುಕತೆ ಶುರುವಾದ ಮೇಲೆ.

1997ರಲ್ಲಿ ನಾನು ಬ್ರಹ್ಮಾವರದ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಬಾವಿಯ ನೀರು ಸಿಹಿಯಾಗಿತ್ತು. ಅತ್ತೆಗೆ ಅದೇ ದೊಡ್ಡ ಹೆಮ್ಮೆ. ಮನೆಯ ಹಿಂದೆ ತೆಂಗಿನ ಮರಗಳು, ಮರಗಳಾಚೆ ಮರಳು, ಮರಳಿನಾಚೆ ಕಡಲು. ಇಷ್ಟು ಹತ್ತಿರ ಕಡಲಿದ್ದೂ ನೀರು ಹೀಗಿದೆಯಲ್ಲ ಎಂದು ಬಂದವರು ಬೆರಗಾಗಬೇಕು, ಅತ್ತೆ ಅದನ್ನು ಕೇಳಿಸಿಕೊಳ್ಳಬೇಕು. "ನಮ್ ಬಾಮಿ ನೀರ್ ಎಳ್ನೀರೇ ಸೈ. ಇನ್ನೊಂದ್ ಲೋಟ ಕುಡೀನಿ" ಎಂದು ಬಂದವರಿಗೆ ಬೆಲ್ಲದ ಜೊತೆ ಒತ್ತಾಯ ಮಾಡಿ ಕುಡಿಸುತ್ತಿದ್ದರು. ಹೈವೇಯಲ್ಲಿ ಕೆಟ್ಟು ನಿಂತ ಬಸ್ಸಿನ ಜನ ಕೊಡಪಾನಗಟ್ಟಲೆ ಕುಡಿದು ಹೋದದ್ದನ್ನು ವರ್ಷಗಟ್ಟಲೆ ಹೇಳುತ್ತಿದ್ದರು.

ಆಗ ಏಪ್ರಿಲ್ ಕೊನೆಯ ಹೊತ್ತಿಗೆ ಸಂಜೆಯ ಮೇಲೆ ಮೂಡಣದ ಗುಡ್ಡಗಳ ತಲೆಯ ಮೇಲೆ ಮೋಡ ಕಟ್ಟುತ್ತಿತ್ತು. ಹಗಲೆಲ್ಲ ಕಡಲಿಂದ ಬೀಸಿದ ಗಾಳಿ ಹೊತ್ತೊಯ್ದ ಆವಿಯೆಲ್ಲ ಅಲ್ಲಿ ಮೇಲೇರಿ ತಣ್ಣಗಾಗಿ, ಗುಡುಗಿ, ಇತ್ತ ಮುಖ ಮಾಡಿ ಒಂದೆರಡು ಮಳೆ ಸುರಿದು ಹೋಗುತ್ತಿತ್ತು. ಹಪ್ಪಳ ಒಣಗಿಸುವವರು ಬೈಯುತ್ತಿದ್ದರು. ಆ ಬೈಗುಳದ ಮಳೆಯೇ ಬಾವಿಯನ್ನು ಮಳೆಗಾಲದವರೆಗೆ ದಾಟಿಸುತ್ತಿತ್ತು ಎಂದು ನಮಗೆ ಗೊತ್ತಿರಲಿಲ್ಲ.

ಆ ಮಳೆ ತಪ್ಪಿದ ವರ್ಷ ಬಾವಿ ಕೆಟ್ಟದ್ದು ಮೊದಲು ಗೊತ್ತಾದದ್ದು ತೊಗರಿಬೇಳೆಯಿಂದ. ಎಷ್ಟು ಬೇಯಿಸಿದರೂ ಒಳಗೆ ಕಲ್ಲಿನಂತೆ ಉಳಿಯಿತು. ಅಂಗಡಿಯವನು ಹಳೆ ಬೇಳೆ ಕೊಟ್ಟನೆಂದು ಅತ್ತೆ ಹೋಗಿ ಜಗಳವಾಡಿ ಬಂದರು. ಆಮೇಲೆ ಸೋಪು ನೊರೆ ಬಿಡಲಿಲ್ಲ. ಮಿಂದ ತಲೆ ಅಂಟಂಟಾಯಿತು. ಕೊನೆಗೆ ಒಂದು ಮಧ್ಯಾಹ್ನ ನನ್ನ ಗಂಡ ಲೋಟ ಕೆಳಗಿಟ್ಟು, "ಅಬ್ಬೆ, ಇದ್ ಉಪ್ಪಾಯಿತ್ತಲೆ" ಎಂದರು. ಅತ್ತೆ, "ನಿನ್ನ ಬಾಯೇ ಸಮ ಇಲ್ಲೆ. ಜರ ಬಂದಿತ್ತಾ ಕಾಣ್" ಎಂದು ಅವರ ಹಣೆ ಮುಟ್ಟಿ ನೋಡಿದರು.

ಆ ವರ್ಷ ಮಳೆ ಬಂದಮೇಲೆ ಬಾವಿ ಸರಿಯಾಯಿತು. ಮರುವರ್ಷ ಮೇ ಮೊದಲ ವಾರಕ್ಕೇ ಉಪ್ಪು. ಅದರ ಮರುವರ್ಷ ಇನ್ನೂ ಮೊದಲು.

ಇಂಥದ್ದನ್ನು ಯಾರಿಗಾದರೂ ಹೇಳಿಕೊಳ್ಳುತ್ತಾರೆಯೇ? ನಾವು ಹೇಳಲಿಲ್ಲ. ಹೈವೇ ದಾಟಿ ಮೂಡಣ ಬದಿಗೆ ಹೋದರೆ ಕೆಂಪು ಮುರಕಲ್ಲಿನ ದಿಬ್ಬ. ಅಲ್ಲಿ ಅತ್ತೆಯ ದೂರದ ನೆಂಟರ ಮನೆ, ಅವರ ಬಾವಿ ಸಿಹಿ. ಸಂಜೆ ದೀಪ ಹಚ್ಚುವ ಮೊದಲು ನಾನು ಕೊಡಪಾನದ ಬಾಯಿಗೆ ಸೆರಗು ಮುಚ್ಚಿಕೊಂಡು ಹೋಗುತ್ತಿದ್ದೆ. ಕೇಳಿದವರಿಗೆ "ಮಜ್ಜಿಗೆ ತಪ್ಪುಕ್ ಹೋಯಿದ್ದೆ" ಎನ್ನಬೇಕೆಂದು ಅತ್ತೆ ಕಲಿಸಿದ್ದರು. ಕೊಡಪಾನದಲ್ಲಿ ಮಜ್ಜಿಗೆ ತರುವವರು ಯಾರು? ಆ ದಾರಿಯಲ್ಲೇ ನಮ್ಮ ಪಕ್ಕದ ಮನೆಯಾಕೆಯೂ ಸಿಗುತ್ತಿದ್ದಳು, ಅವಳ ಸೊಂಟದಲ್ಲೂ ಸೆರಗು ಮುಚ್ಚಿದ ಕೊಡಪಾನ. ಅವಳು ಕಡಲ ಕಡೆ ನೋಡುತ್ತಿದ್ದಳು, ನಾನು ಹೈವೇಯ ಲಾರಿ ನೋಡುತ್ತಿದ್ದೆ. ದಿನವೂ ಮಾತಾಡುವವರು ನಾವು. ಆ ಹೊತ್ತಿಗೆ ಮಾತ್ರ ಒಬ್ಬರಿಗೊಬ್ಬರು ಗುರುತಿಲ್ಲ. ಕಡಲ ಸಾಲಿನ ಮನೆ ಮನೆಯಲ್ಲೂ ಇದೇ ಕತೆ ನಡೆಯುತ್ತಿತ್ತು. ಆದರೆ ಬಾವಿ ಉಪ್ಪಾಗುವುದೆಂದರೆ ಮನೆಯೊಳಗಿನ ಏನೋ ಕೆಟ್ಟಿದೆ ಎಂಬಂತೆ ಪ್ರತಿ ಮನೆಯೂ ಬಾಯಿ ಮುಚ್ಚಿಕೊಂಡಿತ್ತು.

ಮೈದುನನಿಗೆ ಹೆಣ್ಣು ಗೊತ್ತಾದದ್ದು ಆ ವರ್ಷಗಳಲ್ಲೇ. ಕೆರಾಡಿಯ ಕಡೆಯ ಹೆಣ್ಣು. ನಾವು ಹೋಗಿ ನೋಡಿ ಬಂದೆವು. ಕಾಡಂಚಿನ ಮನೆ, ತಣ್ಣನೆಯ ನೀರು, ಮಿತಮಾತಿನ ಜನ. ಹುಡುಗಿ ಮೈದುನನ ಜೊತೆ ಜಗಲಿಯಲ್ಲಿ ನಿಂತು ಮುಂಬೈಯಲ್ಲಿ ಚಳಿ ಬೀಳುತ್ತದೆಯೇ ಎಂದು ಕೇಳಿದಳಂತೆ. ಬಸ್ಸಿನಲ್ಲಿ ಬರುವಾಗ ಅವನು ಅದನ್ನು ಮೂರು ಸಲ ಹೇಳಿ ನಕ್ಕ. ಆಗಲೇ ಅವನಿಗೆ ಮೂವತ್ತು ದಾಟಿತ್ತು. ಅದಕ್ಕೂ ಮೊದಲು ಎರಡು ಕಡೆಯಿಂದ "ಹುಡುಗ ಅಡ್ಡಿಲ್ಲೆ, ಮನಿ ಕಡ್ಲಿನ್ ಬದಿಯಗಿತ್ತಲೆ" ಎಂದು ಮಾತು ಮುರಿದಿತ್ತು. ಈ ಸಲ ತಪ್ಪಿದರೆ ಅವನು ಮುಂದಿನ ಮೇ ತಿಂಗಳಿಗೆ ಊರಿಗೇ ಬರುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಅವರು ಮನೆ ನೋಡಲು ಬರುವುದೆಂದು ಹೇಳಿಕಳಿಸಿದರು. ಜೊತೆಗೆ ಸುದ್ದಿ ತಂದ ಮದುವೆ ದಲ್ಲಾಳಿ ಒಂದು ಮಾತು ಸೇರಿಸಿದ: "ಹೆಣ್ಣಿನ್ ಅಪ್ಪಯ್ಯ ಮೊದ್ಲ್ ಬಾಮಿ ಕಾಂಬುದ್. ಅವ್ರದ್ ಹಾಂಗೇ. ಮಗ್ಳ್ ಜೀವಮಾನ ಸೇದು ಬಾಮಿ, ನಾನ್ ಒಂದ್ ಕೊಡ ಸೇದಿ ಕಾಣ್ಕಲ್ದೆ ಅಂತ್ರ್."

ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವರೇ ನನ್ನ ಗಂಡನನ್ನು ಕರೆದರು. "ರಿಕ್ಷಾ ಒಂದ್ ಮಾಡ್. ಗುಡ್ಡಿ ಬದಿಂದ ನೀರ್ ತಪ್ಪ."

"ಎಂತಕ್ಕೆ? ಕುಡೂಕೆ ಇತ್ತಲೆ."

"ಕುಡೂಕಲ್ಲ. ಬಾಮಿಗ್ ಹೊಯ್ಯುಕೆ."

ಗಂಡ ನನ್ನ ಮುಖ ನೋಡಿದರು. "ಅಬ್ಬೆ, ಬಾಮಿಗೆ ನೀರ್ ಹೊಯ್ದವ್ರನ್ನ ನೀನ್ ಎಲ್ಲಾರೂ ಕಂಡಿದ್ಯಾ?"

"ಸೀ ನೀರ್ ಹಗುರ ಅಲ್ದನಾ? ಮೇಲೇ ನಿಂತತ್. ಮಳಿಗಾಲದಗೆ ಕಡ್ಲಿಗ್ ಸೇರು ಹೊಳಿ ಕಾಂಬುದಿಲ್ಯಾ? ಮೇಲ್ ಸೀ, ಅಡೀ ಉಪ್ಪು. ದೋಣಿಯವ್ರ್ ಮೇಲಿನ್ ನೀರ್ ಕೈಯಗ್ ಎತ್ಕಂಡ್ ಕುಡಿತ್ರ್. ಅವ್ರ್ ಸೇದುದ್ ಒಂದೇ ಕೊಡ ಅಲ್ದಾ? ಮೇಲಿಂದೇ ಬತ್ತ್."

ಅವರ ಮಾತು ಸುಳ್ಳಲ್ಲ. ನಮ್ಮ ಬಾವಿ ಅಷ್ಟು ಕಾಲ ಸಿಹಿಯಾಗಿ ಇದ್ದದ್ದೂ ಆ ಲೆಕ್ಕದಲ್ಲೇ. ಮರಳಿನ ಅಡಿಯಲ್ಲಿ ಕಡಲ ನೀರು ಯಾವಾಗಲೂ ಇರುತ್ತದೆ. ನಾಲ್ಕು ತಿಂಗಳು ಮಳೆ ಹಿಡಿದು ಹೊಯ್ದು ಇಂಗಿದ ಸಿಹಿನೀರು ಹಾಲಿನ ಮೇಲೆ ಕೆನೆ ಕೂತ ಹಾಗೆ ಅದರ ಮೇಲೆ ಕೂರುತ್ತದೆ. ಕೆನೆ ದಪ್ಪವಿದ್ದಷ್ಟು ದಿನ ನಮಗೆ ಕುಡಿಯುವ ನೀರು. ಇಡೀ ಆಕಾಶ ಸೇರಿ ನಾಲ್ಕು ತಿಂಗಳು ಮಾಡುವ ಕೆಲಸವನ್ನು ನಾವು ಒಂದು ಮಧ್ಯಾಹ್ನದಲ್ಲಿ, ಬಾಡಿಗೆ ರಿಕ್ಷಾದಲ್ಲಿ ಮಾಡಲು ಹೊರಟೆವು.

ಅತ್ತೆ ಹೆಣೆದ ತೆಂಗಿನ ಮಡಲೊಂದಕ್ಕೆ ಎರಡು ಕಡೆ ಹಗ್ಗ ಕಟ್ಟಿ ಬಾವಿಯೊಳಗೆ ನೀರಿಗೆ ತಾಗುವಂತೆ ಇಳಿಬಿಟ್ಟರು. ನೀರು ಧುಮುಕಬಾರದು, ಮಡಲಿನ ಮೇಲೆ ಬಿದ್ದು ಹರಡಿ ಮೆಲ್ಲ ಇಳಿಯಬೇಕು. ನಾನು ಕ್ಯಾನಿನಿಂದ ಬಿಂದಿಗೆಗೆ ಬಗ್ಗಿಸಿಕೊಡುವುದು, ಅವರು ಬಾವಿಕಟ್ಟೆಗೆ ಎದೆಯಾನಿಸಿ ಮಗುವಿಗೆ ಹಾಲು ಕುಡಿಸುವವರಂತೆ ಸಣ್ಣಗೆ ಹೊಯ್ಯುವುದು. ಒಂದು ಖೇಪು ಮುಗಿದರೆ ರಿಕ್ಷಾ ಮತ್ತೆ ದಿಬ್ಬಕ್ಕೆ. ಸೆಕೆಯೋ ಸೆಕೆ. ಗಾಳಿಯ ತುಂಬ ನೀರು, ಬೆವರು ಆರುವುದೇ ಇಲ್ಲ. ಅಷ್ಟು ನೀರು ಹೊತ್ತ ಗಾಳಿ ಒಂದು ಹನಿ ಕೆಳಗೆ ಬಿಡುವುದಿಲ್ಲ. ಅತ್ತೆಯ ಬೆವರೂ ಬಾವಿಗೇ ಬೀಳುತ್ತಿತ್ತು.

ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ತಲೆ ಹಾಕಿದಳು. "ಹ್ವಾಯ್, ಎಂತ ಮಾರಾಯ್ರೆ? ಬಾಮಿಗ್ ನೀರ್ ಕುಡ್ಸುದಾ?"

ಅತ್ತೆ ತಿರುಗಲಿಲ್ಲ. "ಬಾಮಿ ತೊಳುದ್" ಎಂದರು.

"ತೊಳೀನಿ ತೊಳೀನಿ" ಎಂದು ಅವಳು ಒಳಗೆ ಹೋದಳು. ಅವಳ ಮನೆಯೊಳಗಿಂದ ನಗು ಕೇಳಿಸಿತು. ನಾಳೆ ಸಂಜೆ ಸೆರಗು ಮುಚ್ಚಿಕೊಂಡು ನಡೆಯಬೇಕಾದವಳು ಅವಳೂ ಹೌದು. ಆದರೂ ಆ ನಗು ನನ್ನ ಕಿವಿಯಲ್ಲಿ ಬಹಳ ಕಾಲ ಉಳಿಯಿತು.

ಮರುದಿನ ಕೆರಾಡಿಯವರು ಜೀಪು ಮಾಡಿಕೊಂಡು ಬಂದರು. ಹೆಣ್ಣಿನ ತಂದೆ, ಚಿಕ್ಕಪ್ಪ, ಒಬ್ಬಳು ಸೋದರತ್ತೆ. ಕಾಲು ತೊಳೆಯಲು ಮೆಟ್ಟಿಲ ಬಳಿ ತಾಮ್ರದ ಹಂಡೆ ತುಂಬ ದಿಬ್ಬದ ನೀರು ಇಟ್ಟಿದ್ದೆವು. ತಂದೆ ಅದರತ್ತ ನೋಡಲೂ ಇಲ್ಲ. "ಬಾಮಿ ಎಲ್ಲಿತ್ತ್?" ಎಂದು ಕೇಳಿ, ಪಂಚೆ ಎತ್ತಿಕಟ್ಟಿ ನಡೆದೇಬಿಟ್ಟರು. ನಾವೆಲ್ಲ ಹಿಂದೆ ಹೋದೆವು. ಮೈದುನ ಇಸ್ತ್ರಿ ಮಾಡಿದ ಅಂಗಿಯಲ್ಲಿ ತೆಂಗಿನ ಮರಕ್ಕೆ ಒರಗಿ ನಿಂತ.

ನಮ್ಮ ಬಾವಿಯ ನೀರು ಮೇಲೇ ಇರುತ್ತದೆ. ಹಾಗಾಗಿ ನಾವು ಕೊಡಪಾನವನ್ನು ಹಗ್ಗ ಹಿಡಿದು ಮೆಲ್ಲನೆ ಇಳಿಸುತ್ತೇವೆ, ಓರೆ ಮಾಡಿ ತುಂಬಿಸುತ್ತೇವೆ. ಗುಡ್ಡದ ಬದಿಯ ಬಾವಿಗಳು ಪಾತಾಳದಲ್ಲಿರುತ್ತವೆ. ಅವರು ಹಾಗೆ ಇಳಿಸುತ್ತ ಕೂತರೆ ಹೊತ್ತು ಹೋಗುತ್ತದೆ. ಅವರದು ಹಗ್ಗ ಸಡಿಲ ಬಿಟ್ಟು ಕೊಡಪಾನವನ್ನು ಬೀಳಿಸುವ ರೂಢಿ, ಬಿದ್ದ ರಭಸಕ್ಕೇ ಅದು ಮುಳುಗಿ ತುಂಬುತ್ತದೆ. ಅತ್ತೆ ಬೇರೆಲ್ಲ ಯೋಚಿಸಿದ್ದರು, ಇದೊಂದನ್ನು ಯೋಚಿಸಿರಲಿಲ್ಲ. ಹೆಣ್ಣಿನ ತಂದೆ ಹಗ್ಗ ಸಡಿಲ ಬಿಟ್ಟರು. ಕೊಡಪಾನ ಧಡಕ್ಕನೆ ಬಿದ್ದು ನೇರ ತಳಕ್ಕೆ ಹೋಗಿ ಮರಳಿಗೆ ತಾಗಿದ ಸದ್ದು ಎಲ್ಲರಿಗೂ ಕೇಳಿತು. ಅವರಿಗೆ ತೃಪ್ತಿಯಾಗಲಿಲ್ಲವೋ ಏನೋ, ಹಗ್ಗವನ್ನು ಎರಡು ಸಲ ಎತ್ತಿ ಎತ್ತಿ ಕುಕ್ಕಿದರು. ಪಕ್ಕದಲ್ಲಿದ್ದ ಅತ್ತೆಯ ಕೈ ನನ್ನ ಮೊಣಕೈಯನ್ನು ಹಿಡಿಯಿತು.

ಅವರು ಸೇದಿದರು. ಬೊಗಸೆಯಲ್ಲಿ ತುಂಬಿ ಬಾಯಿಗೆ ಹಾಕಿಕೊಂಡರು. ಉಗುಳಿಬಿಡುತ್ತಾರೆ ಎಂದುಕೊಂಡೆ. ಉಗುಳಲಿಲ್ಲ. ನುಂಗಿದರು. ಉಳಿದ ನೀರನ್ನು ಬಾಳೆಯ ಬುಡಕ್ಕೂ ಚೆಲ್ಲದೆ, ಉಪ್ಪು ನೀರು ಬಾಳೆಗೆ ಆಗದು ಎಂದು ನೆನಪಾಯಿತೋ ಏನೋ, ತಿರುಗಿ ಬಾವಿಗೇ ಹೊಯ್ದರು. ಆಮೇಲೆ ಅತ್ತೆಯ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಒಂದ್ ತುಂಡ್ ಬೆಲ್ಲ ಕೊಡ್ತ್ರ್ಯಾ?" ಎಂದರು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಬೆಲ್ಲ ತರಲು ಓಡುವಾಗ ಕಣ್ಣಿಗೆ ಮೆಟ್ಟಿಲು ಕಾಣಲಿಲ್ಲ.

ಒಳಗೆ ಬಂದು ಕೂತು ಅವಲಕ್ಕಿ ತಿಂದರು, ಚಾ ಕುಡಿದರು, ತೆಂಗಿನ ಫಸಲು ಹೇಗೆ ಎಂದು ವಿಚಾರಿಸಿದರು. ಬಾವಿಯ ಮಾತು ಯಾರೂ ಎತ್ತಲಿಲ್ಲ. ಹೊರಡುವಾಗ ಹೆಣ್ಣಿನ ಸೋದರತ್ತೆ ಮಾತ್ರ ಅಂಗಳದಲ್ಲಿ ನಿಂತು, "ಅಡ್ಡಿಲ್ಲೆ ಕಾಣಿ, ನಮ್ ಹೆಣ್ಣಿಗೆ ಉಪ್ಪಿನ್ ಖರ್ಚ್ ಒಂದ್ ಉಳಿತ್" ಎಂದಳು. ತಂದೆ ಅವಳನ್ನು ಗದರಿಸಿ ಜೀಪು ಹತ್ತಿಸಿದರು. "ತಿಳಿಸ್ತೊ" ಎಂದರು.

ತಿಳಿಸಿದ್ದು ದಲ್ಲಾಳಿ. ಬಾವಿಗೆ ನೀರು ಹೊಯ್ದ ಸುದ್ದಿ ಅಷ್ಟರಲ್ಲಿ ಕೆರಾಡಿಯವರ ಕಿವಿಗೂ ಮುಟ್ಟಿತ್ತು. "ನೀರ್ ಉಪ್ಪಾರೆ ತಡ್ಕಂಬ್ಲಕ್ಕ್ ಅಂಬ್ರ್. ಉಪ್ಪನ್ನ ಸೀ ಅಂದ್ ತೋರ್ಸು ಮನಿಗೆ ಹೆಣ್ಣ್ ಕೊಡುಕ್ ಆತಿಲ್ಲೆ ಅಂಬ್ರ್" ಎಂದು ಹೇಳಿ, ಕೊಟ್ಟ ಚಾ ಮುಟ್ಟದೆ ಎದ್ದ. ಮೈದುನ ಅದನ್ನು ಕೇಳಿಸಿಕೊಂಡು ಹಿತ್ತಲಿಗೆ ಹೋದ. ರಜೆ ಇನ್ನೂ ಉಳಿದಿತ್ತು. ಆದರೂ ಆ ವಾರವೇ ಮುಂಬೈ ಬಸ್ಸು ಹತ್ತಿದ.

ಆ ವರ್ಷ ಮಳೆ ತಡವಾಗಿ ಬಂತು. ಬಂದದ್ದು ಹೇಗೆಂದರೆ, ಯಾರೋ ಮೇಲಿಂದ ಹಂಡೆ ಮಗುಚಿದ ಹಾಗೆ. ಎರಡು ದಿನ ಲೋಕವೇ ಕಾಣದಂತೆ ಸುರಿದು, ಆಮೇಲೆ ವಾರಗಟ್ಟಲೆ ಬಿಸಿಲು. ಸುರಿದ ನೀರು ಇಂಗಲು ಪುರುಸೊತ್ತಿಲ್ಲದೆ ಅಂಗಳದಿಂದ ಹರಿದು ಚರಂಡಿಗೆ, ಚರಂಡಿಯಿಂದ ಕಡಲಿಗೆ ಹೋಯಿತು. ನಮ್ಮ ಅಂಗಳಕ್ಕೆ ಸಿಮೆಂಟು ಹಾಕಿಸಿದ್ದೂ ಮೈದುನನ ಮದುವೆಗೆಂದೇ. ಕೆಸರಿಲ್ಲದೆ ಚೆಂದ ಕಾಣಲಿ ಎಂದು.

ಮುಂದೆ ನನ್ನ ಮಗಳು ಹೈಸ್ಕೂಲಿಗೆ ಹೋಗುವಾಗ ಅವಳ ಪಾಠವನ್ನು ನಾನು ತರಕಾರಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತಿದ್ದೆ. ಭೂಮಿಯ ಸುತ್ತ ಗಾಳಿ ಪದರ ಪದರವಾಗಿದೆಯಂತೆ. ಮೋಡ, ಮಳೆ, ಗುಡುಗು ಎಲ್ಲ ನಡೆಯುವುದು ಹೆಚ್ಚುಕಮ್ಮಿ ತೀರಾ ಕೆಳಗಿನ ಒಂದೇ ಪದರದಲ್ಲಿ. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆಯಲ್ಲಿರುವ ಅನಿಲ ಅಲ್ಲಿ ಸೇರಿ, ನೆಲದ ಬಿಸಿಯನ್ನು ಆಚೆ ಬಿಡದೆ ಕಂಬಳಿಯ ಹಾಗೆ ಹಿಡಿದಿಡುತ್ತದೆ. ಬಿಸಿಯಾದ ಗಾಳಿ ಹೆಚ್ಚು ಆವಿ ಹಿಡಿಯುತ್ತದೆ. ದೊಡ್ಡ ಪಾತ್ರೆಯ ಹಾಗೆ. ತುಂಬಲು ಹೊತ್ತು ಹಿಡಿಯುತ್ತದೆ, ತುಂಬಿದರೆ ಒಮ್ಮೆಗೇ ಮಗುಚುತ್ತದೆ. ಬಿಸಿಯಾದ ಕಡಲು ಉಬ್ಬಿ ಮೇಲೇರುತ್ತದೆ, ದಡದ ಅಡಿಗೂ ಒತ್ತುತ್ತದೆ. ಒಂದು ದಿನದ ಮಳೆ ಬಿಸಿಲಿಗೆ ಹವಾಮಾನ ಎನ್ನುತ್ತಾರೆ, ಹತ್ತಾರು ವರ್ಷದ ರೂಢಿಗೆ ವಾಯುಗುಣ ಎನ್ನುತ್ತಾರೆ ಎಂದು ಅವಳು ಗಟ್ಟಿಯಾಗಿ ಓದಿದಾಗ ನನ್ನ ಕೈ ನಿಂತಿತು. ನಮ್ಮ ಒಂದು ಬಾವಿಗೆ ಇದೆಲ್ಲವೂ ಕಾರಣವೆಂದು ನಾನು ಹೇಳಲಾರೆ. ಸಾಲಿನ ಮನೆಗಳೆಲ್ಲ ಪಂಪು ಇಟ್ಟು ಎಳೆದದ್ದೂ ಇದೆ, ನಮ್ಮದೂ ಸೇರಿ. ಆದರೆ ಅಷ್ಟು ದೊಡ್ಡ ಸಂಗತಿಯನ್ನು ನಾವು ನಮ್ಮ ಮನೆಯ ನಡತೆಗೆ ಅಂಟಿದ ಕಲೆ ಎಂದು ತಿಳಿದು, ಸೆರಗು ಮುಚ್ಚಿ ಓಡಾಡಿದೆವಲ್ಲ ಎಂದು ಹೊಸದೊಂದು ನಾಚಿಕೆಯಾಯಿತು. ಹಳೆಯದು ಅದರಿಂದ ಕಡಿಮೆಯಾಗಲಿಲ್ಲ.

ಕಡಿಮೆಯಾಗಲು ಊರಿನವರು ಬಿಡಬೇಕಲ್ಲ. ಬಸ್‌ಸ್ಟಾಪಿನಲ್ಲಿ ನಿಂತರೆ, "ಹ್ವಾಯ್ ಅತ್ತಿಗೆ, ಬಾಮಿಗೆ ಬಾಯಾರ್ಕಿ ಕಮ್ಮಿ ಆಯ್ತಾ?" ಎಂದು ಯಾರಾದರೂ ಕೇಳುವವರೇ. ನಾನು ನಕ್ಕುಬಿಡಲು ಕಲಿತೆ. ಅತ್ತೆ ಕಲಿಯಲಿಲ್ಲ. ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟರು. ಕಾಲುನೋವು ಎನ್ನುತ್ತಿದ್ದರು. ಮೈದುನ ಎರಡು ವರ್ಷ ಊರಿಗೆ ಬರಲಿಲ್ಲ. ಫೋನಿನಲ್ಲಿ ಮಾತಾಡಿದರೂ ಮದುವೆಯ ಸುದ್ದಿ ಬಂದರೆ "ಲೈನ್ ಸಮ ಇಲ್ಲೆ" ಎಂದು ಇಡುತ್ತಿದ್ದ.

ತೆಕ್ಕಟ್ಟೆಯ ಸಂಬಂಧ ತಂದದ್ದು ನನ್ನ ಗಂಡ. ಹೆಣ್ಣಿಗೂ ಸ್ವಲ್ಪ ವಯಸ್ಸಾಗಿತ್ತು, ತಂದೆ ಇರಲಿಲ್ಲ, ತಾಯಿಯೇ ಎಲ್ಲ. ಮತ್ತೆ ಮೇ ತಿಂಗಳು, ಮೈದುನ ಊರಿಗೆ ಬಂದಿದ್ದ. ಮತ್ತೆ ಬಾವಿ ಉಪ್ಪು. ಆ ಹೊತ್ತಿಗೆ ಪಂಚಾಯಿತಿಯ ಟ್ಯಾಂಕರು ಬರುತ್ತಿತ್ತು, ಬಂದ ದಿನ ಬಂತು, ಬಾರದ ದಿನ ಇಲ್ಲ. ಅವರು ಬರುವ ಮುನ್ನಾದಿನ ಅತ್ತೆ ಮೆಲ್ಲನೆ ನನ್ನ ಬಳಿ ಬಂದು, "ಹೆಣೆ, ಈ ಸಲ ಬಾಮಿಗೆ ಮುಚ್ಳ್ ಹಾಕಿ ಬೀಗ ಜಡ್ದ್‌ಬಿಡ್ವ. ಬೆಕ್ಕ್ ಬಿದ್ದಿತ್ತ್ ಅಂದ್ ಹೇಳ್ವ" ಎಂದರು.

ಒಳಗಿದ್ದ ಮೈದುನ ಕೇಳಿಸಿಕೊಂಡ. ಹೊರಗೆ ಬಂದವನೇ ಮೊಬೈಲ್ ತೆಗೆದು ತೆಕ್ಕಟ್ಟೆಗೆ ಹಚ್ಚಿದ. ನಾವು ನೋಡುತ್ತಿರುವಂತೆಯೇ, "ಅಮ್ಮ, ನಾಳಿಗೆ ನೀವ್ ಬಪ್ಕಿಂತ ಮೊದ್ಲ್ ಒಂದ್ ಮಾತ್. ನಮ್ ಬಾಮಿ ಮಳಿ ಬಪ್ಪಲ್ಲಿವರಿಗೆ ಉಪ್ಪು. ಹೋದ್ ಸಲ ಒಬ್ರಿಗೆ ಇದನ್ನ ಮುಚ್ಚಿಟ್ಟ್ ಮಾನ ಕಳ್ಕಂಡಿತ್. ಇದ್ ಕೇಂಡ್ ಬಪ್ಪುದಾರೆ ಬನ್ನಿ" ಎಂದ. ಆಚೆಯಿಂದ ಏನು ಹೇಳಿದರೋ ನಮಗೆ ಕೇಳಿಸಲಿಲ್ಲ. ಅವನು "ಹ್ಞಾ, ಹ್ಞಾ" ಎಂದು ಇಟ್ಟ.

"ಇದ್ದ್ ಮಾನವೂ ತೆಗ್ದೆ" ಎಂದು ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಹೋಗಿ ಕೂತರು.

ಮರುದಿನ ತೆಕ್ಕಟ್ಟೆಯವರು ಬಂದರು. ತಾಯಿ ದೊಡ್ಡ ಗಂಟಲಿನ ಹೆಂಗಸು. ಕೂತುಕೊಳ್ಳುವ ಮೊದಲೇ ನನ್ನನ್ನು ಕೇಳಿದರು: "ಟ್ಯಾಂಕರ್ ಎಷ್ಟ್ ದಿನಕ್ಕೊಂದ್ ಸಲ ಬತ್ತ್ ನಿಮ್ಗೆ? ನಮ್ಗೆ ಕಮ್ಮಿಯಂದ್ರೂ ನಾಕ್ ದಿನ. ಅದೂ ಆ ಡ್ರೈವರ‍್ನ ಹೆಂಡ್ತಿ ತವ್ರಿಗ್ ಹೋರೆ ಇಲ್ಲೆ."

"ನಿಮ್ಮಲ್ಲೂ ಉಪ್ಪಾ?" ನನ್ನ ಬಾಯಿಂದ ಬಂದುಹೋಯಿತು.

"ಏಪ್ರಿಲಿಗೇ ಶುರು ಮಾರಾಯ್ತಿ! ಯಾರ್ ಮನಿಯಗೆ ಇಲ್ಲೆ ಹೇಳ್? ಹೇಳ್ವರ್ ಇಲ್ಲೆ ಅಷ್ಟೇ. ಅಮ್ಮ ಎಲ್ಲಿ? ಒಳ್ಗ್ ಎಂತಕ್ ಕೂಕಂಡಿರ್?"

ಅತ್ತೆ ಹೊರಗೆ ಬಂದರು. ಬಂದವರ ಮುಖ ನೋಡದೆ ನೇರ ಹಿತ್ತಲಿಗೆ ನಡೆದರು. ಏನು ಮಾಡುತ್ತಾರೆಂದು ತಿಳಿಯದೆ ನಾವು ಹಿಂಬಾಲಿಸಿದೆವು. ಬಾವಿಕಟ್ಟೆಯ ಬಳಿ ಹಗ್ಗ ಬಿಚ್ಚಿ, ಕೊಡಪಾನವನ್ನು ನಮ್ಮ ರೂಢಿಯಂತೆ ಮೆಲ್ಲನೆ ಇಳಿಸಿದರು. ತಳಕ್ಕೆ ಹೋಗಿ ತಾಗಲಿ ಎಂದು ಕಾದರು. ಸೇದಿ, ಚೆಂಬಿಗೆ ಬಗ್ಗಿಸಿ, ಎರಡೂ ಕೈಯಲ್ಲಿ ತೆಕ್ಕಟ್ಟೆಯ ಆ ತಾಯಿಯ ಮುಂದೆ ಹಿಡಿದರು. ಕಣ್ಣು ನೆಲದ ಮೇಲಿತ್ತು.

"ಉಪ್ಪೇ" ಎಂದರು.